ವೈದ್ಯ ವಿದ್ಯಾರ್ಥಿಯ ಮೊದಲ ವರ್ಷ: ಕಾರಣ ಅರಿತು ಕಲಿಯುವುದು

ಪ್ರತಿ ವರ್ಷ ನೀಟ್ ಮುಗಿದು, ಸೀಟು ಹಂಚಿಕೆಯ ಗಡಿಬಿಡಿಯೂ ಮುಗಿದ ಮೇಲೆ, ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಹೊಸ ತಂಡವೊಂದು ಬಿಳಿ ಕೋಟು ತೊಡುತ್ತದೆ. ಈ ಮಕ್ಕಳು ಬಂದದ್ದು ರೋಗಿಗಳನ್ನು ಗುಣಪಡಿಸಲೆಂದು. ಅವರ ಕೈಗೆ ಸಿಗುವುದು ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರವೆಂಬ ಮೂರು ದಪ್ಪ ವಿಷಯಗಳು. ಮೂಳೆಯ ಮೇಲಿನ ಒಂದೊಂದು ಗೆರೆಗೂ ಹೆಸರು, ಒಂದೊಂದು ಕಿಣ್ವಕ್ಕೂ ಹೆಸರು, ತುಂಡು ತುಂಡಾಗಿ ನೂರಾರು ಸಂಗತಿಗಳು. ‘ಇದನ್ನು ಹೇಗಾದರೂ ಪಾಸು ಮಾಡಿಕೊಂಡುಬಿಡು, ನಿಜವಾದ ಮೆಡಿಸಿನ್ ಆಮೇಲೆ ಶುರುವಾಗುತ್ತದೆ’ ಎಂಬ ಬುದ್ಧಿಮಾತು ಹಾಸ್ಟೆಲಿನಲ್ಲಿ ಸೀನಿಯರುಗಳಿಂದ ಬೇಗನೆ ಸಿಗುತ್ತದೆ. ಹೇಳುವವರ ಒಳ್ಳೆಯ ಮನಸ್ಸನ್ನು ನಾನು ಅನುಮಾನಿಸುವುದಿಲ್ಲ. ಆದರೂ ಈ ಮಾತು ತಪ್ಪು, ಇದರಿಂದ ಆಗುವ ನಷ್ಟ ದೊಡ್ಡದು ಎಂದು ಈ ಹೊತ್ತು ವಾದಿಸಬೇಕೆಂದಿದ್ದೇನೆ. ಪುಸ್ತಕದಲ್ಲಿ ಬರೆದಂತೆ ರೋಗ ಬಾರದೆ ಹೋದ ದಿನ, ವೈದ್ಯರು ನೆಚ್ಚಿಕೊಳ್ಳಬಹುದಾದದ್ದು ಮೊದಲ ವರ್ಷದಲ್ಲಿ ಕಲಿತ ಕಾರಣಗಳನ್ನು. ಕಾರಣ ಬಿಟ್ಟು ಹೆಸರುಗಳನ್ನಷ್ಟೇ ಕಲಿತವರ ಬಳಿ ಆ ದಿನ ಏನೂ ಇರುವುದಿಲ್ಲ.

ಕಾಲರಾದ ಚರಿತ್ರೆಯನ್ನೇ ನೋಡೋಣ. ಕಾಲರಾ ರೋಗಾಣುವಿನ ವಿಷ ಸಣ್ಣ ಕರುಳಿನ ಒಳಪದರದ ಜೀವಕೋಶಗಳಲ್ಲಿ ಸೈಕ್ಲಿಕ್ ಎಎಂಪಿ ಎಂಬ ವಸ್ತುವನ್ನು ವಿಪರೀತ ಹೆಚ್ಚಿಸುತ್ತದೆ. ಆಗ ಕ್ಲೋರೈಡ್ ಕರುಳಿನೊಳಕ್ಕೆ ಸುರಿಯುತ್ತದೆ, ಅದರ ಬೆನ್ನಿಗೆ ಸೋಡಿಯಂ, ಅವೆರಡರ ಬೆನ್ನಿಗೆ ನೀರು. ಬರಿಯ ಉಪ್ಪುನೀರು ಕುಡಿಸಿದರೆ ಅದು ಮೈಗೆ ಹತ್ತುವುದಿಲ್ಲ, ಏಕೆಂದರೆ ಉಪ್ಪನ್ನು ಹೀರಿಕೊಳ್ಳುವ ಮಾಮೂಲು ದಾರಿಯನ್ನೂ ಈ ವಿಷ ಕೆಡಿಸಿರುತ್ತದೆ. ಆದರೆ ಅದೇ ಜೀವಕೋಶಗಳಲ್ಲಿ ಇನ್ನೊಂದು ದಾರಿ ಇದೆ. ಅಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತಿನಂತೆ ಒಟ್ಟಿಗೆ ಒಳಹೋಗುತ್ತವೆ. ನೀರು ಅವನ್ನು ಹಿಂಬಾಲಿಸುತ್ತದೆ. ಕಾಲರಾ ವಿಷ ಈ ದಾರಿಯ ತಂಟೆಗೆ ಹೋಗುವುದಿಲ್ಲ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ಜೀವರಸಾಯನಶಾಸ್ತ್ರಜ್ಞರು ಪ್ರಾಗ್ ನಗರದ ಸಭೆಯೊಂದರಲ್ಲಿ ಈ ಜೋಡಿ ಸಾಗಣೆಯ ವಿಚಾರವನ್ನು ಮಂಡಿಸಿದಾಗ ಅದು ಪ್ರಯೋಗಾಲಯದವರ ಸಂಗತಿಯಾಗಿತ್ತು. ಹನ್ನೊಂದು ವರ್ಷಗಳ ನಂತರ, 1971ರಲ್ಲಿ, ಬಾಂಗ್ಲಾದೇಶದ ಯುದ್ಧದಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾದಿಂದ ಸಾಯುತ್ತಿದ್ದರು, ನರಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಲಾನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ ಶೇಕಡಾ 3.6ಕ್ಕೆ ಇಳಿಯಿತು.

ಈ ಚರಿತ್ರೆ ಎಲ್ಲರಿಗೂ ಗೊತ್ತಿರುವುದೇ, ಇಂಥ ಮಿಶ್ರಣದ ಓಆರ್‌ಎಸ್ ಪೊಟ್ಟಣ ಅಂಗಡಿಯಲ್ಲೂ ಸಿಗುತ್ತದೆ, ಕ್ರೇನ್ ಕಂಡದ್ದನ್ನು ಇಂದಿನ ವಿದ್ಯಾರ್ಥಿ ಏಕೆ ಓದಬೇಕು ಎಂದು ಕೇಳಬಹುದು. ಪೊಟ್ಟಣ ಕೊಡುವುದಕ್ಕೆ ಓದಬೇಕಾಗಿಲ್ಲ, ನಿಜ. ಆದರೆ ತಾಯೊಬ್ಬಳು ‘ಮಗುವಿಗೆ ರುಚಿಯಾಗಲಿ ಎಂದು ಇನ್ನೂ ನಾಲ್ಕು ಚಮಚ ಸಕ್ಕರೆ ಹಾಕಿದೆ’ ಎಂದಾಗ ಏನು ಹೇಳಬೇಕು? ಸಕ್ಕರೆ ಹೆಚ್ಚಾದರೆ ಕರುಳಿನಲ್ಲಿರುವ ದ್ರಾವಣ ರಕ್ತಕ್ಕಿಂತ ಗಟ್ಟಿಯಾಗುತ್ತದೆ, ಆಸ್ಮಾಸಿಸ್‌ನಿಂದ ನೀರು ಮೈಯಿಂದಲೇ ಕರುಳಿಗೆ ಹರಿಯುತ್ತದೆ, ಭೇದಿ ಹೆಚ್ಚುತ್ತದೆ. ಈ ಕಾರಣದಿಂದಲೇ 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲೀಟರಿಗೆ 311 ಮಿಲಿಆಸ್ಮೋಲ್ ಇದ್ದ ಹಳೆಯ ಮಿಶ್ರಣವನ್ನು 245ಕ್ಕೆ ಇಳಿಸಿತು. ಸೋಡಿಯಂ 75, ಗ್ಲೂಕೋಸ್ 75 ಮಿಲಿಮೋಲ್, ಸರಿಸಮ. ಓಆರ್‌ಎಸ್ ಎಂಬ ಹೆಸರು ಹೊತ್ತ ಸಿಹಿ ಪಾನೀಯಗಳು ಮಾರುಕಟ್ಟೆಯಲ್ಲಿ ವರ್ಷಗಟ್ಟಲೆ ಮಾರಾಟವಾದವು. ಆ ಹೆಸರನ್ನು ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿದ್ದು 2025ರ ಅಕ್ಟೋಬರಿನಲ್ಲಿ. ಓಆರ್‌ಎಸ್ ಒಳಗಿನ ಲೆಕ್ಕ ಬಲ್ಲ ವೈದ್ಯರಿಗೆ ಆದೇಶ ಬರುವವರೆಗೆ ಕಾಯುವ ಅಗತ್ಯವಿರಲಿಲ್ಲ. ಡಬ್ಬಿಯ ಮೇಲಿನ ಸಕ್ಕರೆಯ ಅಂಕಿ ಓದಿದರೆ ಸಾಕಿತ್ತು.

ಇನ್ನೊಂದು ಉದಾಹರಣೆ ನಮ್ಮ ಹೊಲಗದ್ದೆಗಳದ್ದು. ಹಾವು ಕಡಿತವನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ 2024ರಲ್ಲಿ ಘೋಷಿಸಿತು. ಇಂಥ ರೋಗಿಯನ್ನು ಮೊದಲು ನೋಡುವವರು ಹೆಚ್ಚಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ಎಳೆಯ ವೈದ್ಯರು. ನಾಗರಹಾವು, ಕಟ್ಟುಹಾವು ಎರಡೂ ಕಚ್ಚಿದಾಗ ರೆಪ್ಪೆ ಇಳಿಬೀಳುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಹೊರಗಿನಿಂದ ನೋಡಿದರೆ ಒಂದೇ. ಒಳಗೆ ಒಂದಲ್ಲ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಹೊರಬಂದು ಸ್ನಾಯುವಿನ ಮೇಲಿನ ಗ್ರಾಹಕಕ್ಕೆ ಅಂಟಿದರೆ ಸ್ನಾಯು ಸಂಕುಚಿಸುತ್ತದೆ ಎಂಬ ಪಾಠವನ್ನು ವಿದ್ಯಾರ್ಥಿಗಳೆಲ್ಲ ಮೊದಲ ಕೆಲವು ತಿಂಗಳಲ್ಲೇ ಓದುತ್ತಾರೆ. ನಾಗರಹಾವಿನ ವಿಷ ಆ ಗ್ರಾಹಕದ ಮೇಲೆ ಹೋಗಿ ಕೂರುತ್ತದೆ. ಆದ್ದರಿಂದ ನಿಯೋಸ್ಟಿಗ್ಮಿನ್ ಎಂಬ ಔಷಧ ಕೊಟ್ಟು ಅಸಿಟೈಲ್‌ಕೋಲಿನ್ ಪ್ರಮಾಣವನ್ನು ಹೆಚ್ಚಿಸಿದರೆ ಅದು ವಿಷದೊಡನೆ ಪೈಪೋಟಿ ನಡೆಸಿ ಸ್ನಾಯುವನ್ನು ಎಬ್ಬಿಸಬಲ್ಲದು. ಕಟ್ಟುಹಾವಿನ ವಿಷ ಹಾಳುಮಾಡುವುದು ಮುಖ್ಯವಾಗಿ ನರದ ತುದಿಯನ್ನೇ. ಅಸಿಟೈಲ್‌ಕೋಲಿನ್ ಹೊರಬರುವ ಜಾಗವೇ ಕೆಟ್ಟಿರುವಾಗ ನಿಯೋಸ್ಟಿಗ್ಮಿನ್ ಹೆಚ್ಚಿಸುವುದಾದರೂ ಏನನ್ನು? ಅಲ್ಲಿ ನರದ ತುದಿ ಮತ್ತೆ ಬೆಳೆಯುವವರೆಗೆ, ದಿನಗಟ್ಟಲೆಯಾದರೂ, ಕೃತಕ ಉಸಿರಾಟವೇ ಜೀವ ಉಳಿಸುವುದು. ನೆಲದ ಮೇಲೆ ಮಲಗಿದ್ದವರಿಗೆ ರಾತ್ರಿ ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವೂ ಇರುವುದಿಲ್ಲ, ಗಾಯವೂ ಕಾಣುವುದಿಲ್ಲ. ಬೆಳಗ್ಗೆ ಹೊಟ್ಟೆನೋವೆಂದು ಬಂದವರ ರೆಪ್ಪೆ ಇಳಿದಿರುವುದನ್ನು ಗಮನಿಸಿ ನರ–ಸ್ನಾಯು ಸಂಧಿಯನ್ನು ನೆನೆಯುವ ವೈದ್ಯರು ಆ ಜೀವ ಉಳಿಸುತ್ತಾರೆ.

ಕೊಳಕುಮಂಡಲದ ವಿಷಯಕ್ಕೂ ಒಂದು ಮಾತು. ಅದರ ವಿಷ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಪ್ರಚೋದಿಸಿ, ಬಳಸಿ, ಬರಿದು ಮಾಡುತ್ತದೆ. ಇದನ್ನು ಕಂಡುಹಿಡಿಯಲು ಯಂತ್ರವೇ ಬೇಡ: ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಯಲ್ಲಿ ಎರಡು ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡಿದರೆ ಸಾಕು. ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ ಎಂದರ್ಥ. ಆದರೆ ಗಾಜೇ ಏಕೆ, ಪ್ಲಾಸ್ಟಿಕ್ ನಳಿಕೆ ಏಕಾಗದು? ಹೆಪ್ಪುಗಟ್ಟುವ ಸರಣಿಯ ಹನ್ನೆರಡನೆಯ ಅಂಶವನ್ನು ಗಾಜಿನ ಮೇಲ್ಮೈ ಪ್ರಚೋದಿಸುತ್ತದೆ. ಪ್ಲಾಸ್ಟಿಕ್ ಹಾಗೆ ಮಾಡುವುದಿಲ್ಲ. ಡಿಟರ್ಜೆಂಟಿನಲ್ಲಿ ತೊಳೆದ ಗಾಜೂ ದಾರಿ ತಪ್ಪಿಸುತ್ತದೆ. ಕೈಗೆ ಸಿಕ್ಕಿದ ಪ್ಲಾಸ್ಟಿಕ್ ನಳಿಕೆ ಬಳಸಿದರೆ, ವಿಷವೇ ಏರದವರ ರಕ್ತವೂ ಹೆಪ್ಪುಗಟ್ಟದಂತೆ ತೋರಿ, ಬೇಡದ ಪ್ರತಿವಿಷ ಕೊಡಬೇಕಾದೀತು. ಆ ಪ್ರತಿವಿಷಕ್ಕೂ ಅದರದೇ ಅಪಾಯಗಳಿವೆ. ‘ಇಂಟ್ರಿನ್ಸಿಕ್ ಪಾಥ್‌ವೇ’ ಎಂದು ವೈವಾದಲ್ಲಿ ಒದರಿ ಮರೆತುಬಿಡುವ ಸರಣಿ, ಹಳ್ಳಿಯ ಆರೋಗ್ಯ ಕೇಂದ್ರದ ಮೇಜಿನ ಮೇಲೆ ಇಷ್ಟು ಹತ್ತಿರದ ಕೆಲಸಕ್ಕೆ ಬರುತ್ತದೆ.

ಇವೆಲ್ಲ ಆರಿಸಿ ತೆಗೆದ ಉದಾಹರಣೆಗಳು ಎನ್ನಬಹುದು. ಹಾಗಾದರೆ ಪರೀಕ್ಷೆ ಮಾಡಿ ನೋಡಿದವರ ಫಲಿತಾಂಶ ಕೇಳಿ. ಕೆನಡಾದ ನಿಕೋಲ್ ವುಡ್ಸ್, ಲೀ ಬ್ರೂಕ್ಸ್, ಜೆಫ್ರಿ ನಾರ್ಮನ್ 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಲಿಯುವವರ ಒಂದು ಗುಂಪಿಗೆ ರೋಗಗಳ ಲಕ್ಷಣಗಳ ಪಟ್ಟಿ ಕಲಿಸಿದರು. ಇನ್ನೊಂದು ಗುಂಪಿಗೆ ಆ ಲಕ್ಷಣಗಳು ಯಾವ ಕಾರಣದಿಂದ ಹುಟ್ಟುತ್ತವೆ ಎಂಬುದನ್ನೂ ಕಲಿಸಿದರು. ಕೂಡಲೇ ಪರೀಕ್ಷಿಸಿದಾಗ ಎರಡು ಗುಂಪುಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಕಾರಣ ಕಲಿತವರು ಮುಂದಿದ್ದರು. ಕಾರಣ ಎಂಬುದು ಚೆದುರಿದ ಲಕ್ಷಣಗಳನ್ನು ಒಂದಕ್ಕೊಂದು ಹೊಂದಿಸಿ ಹಿಡಿದುಕೊಳ್ಳುತ್ತದೆ. ಅಪೆಂಡಿಕ್ಸ್ ಊದಿಕೊಂಡಾಗ ನೋವು ಮೊದಲು ಹೊಕ್ಕುಳ ಸುತ್ತ ಬರುತ್ತದೆ, ಆಮೇಲೆ ಬಲಗಡೆ ಕೆಳಹೊಟ್ಟೆಗೆ ಇಳಿಯುತ್ತದೆ ಎಂಬ ವಾಕ್ಯವನ್ನು ಬಾಯಿಪಾಠ ಮಾಡಬಹುದು. ಆದರೆ ಅಪೆಂಡಿಕ್ಸಿನ ನೋವನ್ನು ಒಯ್ಯುವ ನರಗಳು ಹೊಕ್ಕುಳ ಮಟ್ಟದ ಚರ್ಮದ ನರಗಳೊಡನೆ ಬೆನ್ನುಹುರಿಯ ಒಂದೇ ಭಾಗವನ್ನು ಸೇರುತ್ತವೆ, ಊತ ಹೊಟ್ಟೆಯ ಒಳಗೋಡೆಯನ್ನು ತಾಕಿದಾಗಷ್ಟೇ ನೋವಿಗೆ ಖಚಿತವಾದ ಜಾಗ ಸಿಗುತ್ತದೆ ಎಂದು ತಿಳಿದವರಿಗೆ ಇನ್ನೊಂದು ಲಾಭವಿದೆ. ಗರ್ಭಿಣಿಯಲ್ಲಿ ಅಪೆಂಡಿಕ್ಸ್ ಮೇಲಕ್ಕೆ ಸರಿದಿದ್ದರೆ ನೋವು ಎಲ್ಲಿ ನಿಂತೀತು ಎಂದು ಅವರು ಊಹಿಸಬಲ್ಲರು. ಬಾಯಿಪಾಠದ ವಾಕ್ಯ ಅಷ್ಟು ದೂರ ಬರುವುದಿಲ್ಲ.

ಇದಕ್ಕೆ ಎದುರಾಗಿ ಗಂಭೀರವಾದ ಆಕ್ಷೇಪಗಳಿವೆ. ಅನುಭವಿ ವೈದ್ಯರು ರೋಗಿಯನ್ನು ನೋಡುವಾಗ ಈ ಮೂಲವಿಜ್ಞಾನವನ್ನು ಯೋಚಿಸುವುದೇ ಇಲ್ಲ ಎಂಬುದು ಒಂದು. ಇದು ಸಂಶೋಧನೆಯಲ್ಲೂ ಕಂಡ ಸಂಗತಿ. ನುರಿತವರನ್ನು ಗಟ್ಟಿಯಾಗಿ ಯೋಚಿಸಲು ಹೇಳಿದರೆ ಅವರ ಮಾತಿನಲ್ಲಿ ಕಿಣ್ವ, ನರತಂತುಗಳು ಬರುವುದು ವಿರಳ. ನೆದರ್ಲೆಂಡಿನ ಹೆನ್ನಿ ಬೋಸ್‌ಹೌಜೆನ್, ಹೆಂಕ್ ಸ್ಮಿತ್ ಇದನ್ನು ಬೇರೆ ರೀತಿಯಲ್ಲಿ ವಿವರಿಸಿದರು: ಆ ಜ್ಞಾನ ಹೋಗಿರುವುದಿಲ್ಲ, ‘ಹೃದಯ ವೈಫಲ್ಯ’ ಎಂಬಂಥ ಒಂದೊಂದು ಮಾತಿನೊಳಗೆ ಮಡಿಚಿಕೊಂಡು ಕೂತಿರುತ್ತದೆ, ಬೇಕಾದಾಗ ಬಿಚ್ಚಿಕೊಳ್ಳುತ್ತದೆ. ನನಗೆ ಈ ವಿವರಣೆ ಒಪ್ಪಿಗೆ. ದಿನನಿತ್ಯದ ನೆಗಡಿ ಜ್ವರಕ್ಕೆ ಅದನ್ನು ಬಿಚ್ಚಬೇಕಿಲ್ಲ. ಕಗ್ಗಂಟಿನ ರೋಗಿ ಎದುರಾದಾಗ ಬಿಚ್ಚಬೇಕು. ಮೊದಲ ವರ್ಷದಲ್ಲಿ ಒಳಗೇನನ್ನೂ ಇಡದಿದ್ದವರು ಆಗ ಏನನ್ನು ಬಿಚ್ಚುತ್ತಾರೆ?

ಎರಡನೆಯ ಆಕ್ಷೇಪ ಇದಕ್ಕಿಂತ ಬಲವಾದದ್ದು: ಕಾರಣವನ್ನು ನಂಬಿ ನಡೆದು ವೈದ್ಯರು ರೋಗಿಗಳನ್ನು ಕೊಂದದ್ದೂ ಉಂಟು. ಹೃದಯಾಘಾತವಾದವರಲ್ಲಿ ಹೃದಯದ ಕೆಳಕೋಣೆಗಳಿಂದ ಅಡ್ಡಾದಿಡ್ಡಿ ಬಡಿತಗಳು ಹುಟ್ಟುತ್ತವೆ, ಅಂಥವರು ಹಠಾತ್ತನೆ ಸಾಯುವುದು ಹೆಚ್ಚು. ಹಾಗಾದರೆ ಆ ಬಡಿತಗಳನ್ನು ಅಡಗಿಸುವ ಔಷಧ ಕೊಟ್ಟರೆ ಸಾವು ತಪ್ಪಬೇಕು. ತರ್ಕದಲ್ಲಿ ಎಲ್ಲಿಯೂ ಬಿರುಕು ಕಾಣುವುದಿಲ್ಲ. ಎನ್ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳನ್ನು ಹೀಗೆಯೇ ಕೊಡುತ್ತಿದ್ದರು. ಅಮೆರಿಕದಲ್ಲಿ ನಡೆದ ‘ಕ್ಯಾಸ್ಟ್’ ಎಂಬ ದೊಡ್ಡ ಪ್ರಯೋಗದ 1991ರ ವರದಿಯಂತೆ, ಔಷಧ ತೆಗೆದುಕೊಂಡ 755 ಜನರಲ್ಲಿ 63 ಮಂದಿ ಸತ್ತರು. ಹುಸಿಮಾತ್ರೆ ತೆಗೆದುಕೊಂಡ 743 ಜನರಲ್ಲಿ ಸತ್ತವರು 26. ಬಡಿತ ಅಡಗಿತ್ತು, ರೋಗಿ ಉಳಿದಿರಲಿಲ್ಲ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಮತ್ತು ಇದರಿಂದ ನನ್ನ ವಾದ ಇನ್ನಷ್ಟು ವಿಸ್ತಾರವಾಗುತ್ತದೆ. ಕಾರಣವೆಂಬುದು ಊಹೆ, ಅದನ್ನು ಎಣಿಸಿ, ಹೋಲಿಸಿ ಪರೀಕ್ಷಿಸಬೇಕು. ಅದನ್ನು ಪರೀಕ್ಷಿಸುವ ವಿದ್ಯೆ, ಅಂದರೆ ಸಂಖ್ಯಾಶಾಸ್ತ್ರದ ಮೊದಲ ಪಾಠಗಳು, ಮೂಲವಿಜ್ಞಾನದ ಜತೆಗೇ ಕಲಿಯಬೇಕಾದವು. ನಮ್ಮಲ್ಲಿ ಅವನ್ನು ಸಮುದಾಯ ವೈದ್ಯಶಾಸ್ತ್ರದ ಮೂಲೆಗೆ ತಳ್ಳಿ, ಸೂತ್ರ ಬಾಯಿಪಾಠ ಮಾಡಿಸಿ ಮುಗಿಸುವುದು ನೋವಿನ ಸಂಗತಿ.

ಇದರ ಇನ್ನೊಂದು ಮಗ್ಗುಲೂ ಇದೆ. ವಿಯೆನ್ನಾದ ಆಸ್ಪತ್ರೆಯಲ್ಲಿ ಶವ ಕೊಯ್ದ ಕೈಯಲ್ಲೇ ವೈದ್ಯರೂ ವಿದ್ಯಾರ್ಥಿಗಳೂ ಹೆರಿಗೆ ವಾರ್ಡಿಗೆ ಹೋಗುತ್ತಿದ್ದರು. 1846ರಲ್ಲಿ ಆ ವಾರ್ಡಿನಲ್ಲಿ ನೂರಕ್ಕೆ ಹನ್ನೊಂದರಷ್ಟು ಬಾಣಂತಿಯರು ಸತ್ತಿದ್ದರು. 1847ರಲ್ಲಿ ಇಗ್ನಾಝ್ ಸೆಮ್ಮೆಲ್‌ವೈಸ್ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವ ನಿಯಮ ತಂದರು. 1848ರಲ್ಲಿ ಸಾವು ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು. ಅಂಕಿ ಅಷ್ಟು ಸ್ಪಷ್ಟವಾಗಿದ್ದರೂ ಬಹಳ ಮಂದಿ ಒಪ್ಪಲಿಲ್ಲ. ಅದಕ್ಕೆ ಹಲವು ಕಾರಣಗಳಿದ್ದವು. ರೋಗಾಣುಗಳ ಸಿದ್ಧಾಂತ ಇನ್ನೂ ಬಾರದಿದ್ದ ಆ ಕಾಲದಲ್ಲಿ ‘ಏಕೆ’ ಎಂಬುದಕ್ಕೆ ಸೆಮ್ಮೆಲ್‌ವೈಸ್ ಬಳಿ ತೃಪ್ತಿಕರ ಉತ್ತರವಿರಲಿಲ್ಲ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಪುರಾವೆಯಿಲ್ಲದ ಕಾರಣ ಕ್ಯಾಸ್ಟ್ ಪ್ರಯೋಗದಲ್ಲಿ ಸೋತಿತು, ಕಾರಣವಿಲ್ಲದ ಪುರಾವೆ ವಿಯೆನ್ನಾದಲ್ಲಿ ಸೋತಿತು. ಡಿಸೆಕ್ಷನ್ ಹಾಲಿಗೆ ಮೊದಲ ಸಲ ಕಾಲಿಡುವ ವಿದ್ಯಾರ್ಥಿಗೆ ಇದಕ್ಕಿಂತ ತಕ್ಕ ಪಾಠ ಯಾವುದಿದೆ? ಕೈ ತೊಳೆಯುವುದನ್ನು ಅಲ್ಲಿಯೇ ಕಲಿಸಬೇಕು, ಹಂತ ಹಂತವಾಗಿ, ಬೆರಳ ಸಂದುಗಳನ್ನೂ ಬಿಡದೆ.

ಕೌಶಲಗಳ ಮಾತು ಬಂತು. ವಿಜ್ಞಾನವೇ ಬೇರೆ, ಕೌಶಲವೇ ಬೇರೆ, ಮೊದಲನೆಯದು ಮೊದಲ ವರ್ಷಕ್ಕೆ, ಎರಡನೆಯದು ವಾರ್ಡಿಗೆ ಹೋದ ಮೇಲೆ ಎಂಬ ವಿಂಗಡಣೆ ಅಬ್ರಹಾಂ ಫ್ಲೆಕ್ಸ್‌ನರ್ ಕಾಲದಿಂದ ಗಟ್ಟಿಯಾಗಿ ಬೇರೂರಿತು. 1910ರಲ್ಲಿ ಅವರು ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳನ್ನು ಕುರಿತು ಬರೆದ ವರದಿ ವಿಜ್ಞಾನವನ್ನು ವೈದ್ಯ ಶಿಕ್ಷಣದ ತಳಹದಿಯಾಗಿ ನಿಲ್ಲಿಸಿತು. ಅದು ದೊಡ್ಡ ಉಪಕಾರ. ಆದರೆ ಎರಡು ವರ್ಷ ಪ್ರಯೋಗಾಲಯ, ಎರಡು ವರ್ಷ ಆಸ್ಪತ್ರೆ ಎಂಬ ಗೋಡೆಯೂ ಅದರೊಂದಿಗೇ ಎದ್ದಿತು. ಬ್ರಿಟನ್ನಿನಲ್ಲಿ 1975ರಲ್ಲಿ ಹ್ಯಾಂಪ್ಟನ್ ಮತ್ತು ಸಂಗಡಿಗರು ಹೊರರೋಗಿ ವಿಭಾಗಕ್ಕೆ ಹೊಸದಾಗಿ ಬಂದ 80 ರೋಗಿಗಳನ್ನು ಗಮನಿಸಿದರು. ಅವರಲ್ಲಿ 66 ಮಂದಿಯ ರೋಗ, ಕಳಿಸಿದ ವೈದ್ಯರ ಪತ್ರ ಓದಿ ರೋಗಿಯ ಮಾತು ಕೇಳಿದಷ್ಟರಿಂದಲೇ ಸರಿಯಾಗಿ ತಿಳಿದುಬಂದಿತ್ತು. ಮೈ ಪರೀಕ್ಷಿಸಿದ್ದರಿಂದ ತೀರ್ಮಾನ ಬದಲಾದದ್ದು ಏಳು ಮಂದಿಯಲ್ಲಿ, ಪ್ರಯೋಗಾಲಯದ ಪರೀಕ್ಷೆಯಿಂದ ಇನ್ನೇಳು ಮಂದಿಯಲ್ಲಿ. ಯಂತ್ರಗಳು ಅಂದಿಗಿಂತ ಎಷ್ಟೋ ಹೆಚ್ಚಿರುವ ಇಂದು ಅಂಕಿಗಳು ಬದಲಾಗಬಹುದು. ಆದರೂ ಯಾವ ಯಂತ್ರದ ಬಳಿಗೆ ಕಳಿಸಬೇಕೆಂಬುದನ್ನು ರೋಗಿಯ ಮಾತಿನಿಂದಲೇ ತೀರ್ಮಾನಿಸಬೇಕು. ಕೇಳಿಸಿಕೊಳ್ಳುವುದಕ್ಕೂ ವಿಜ್ಞಾನ ಬೇಕು: ಮಲಗಿದರೆ ದಮ್ಮು ಹೆಚ್ಚುತ್ತದೆಯೇ, ಎರಡು ದಿಂಬು ಬೇಕೇ ಎಂದು ಕೇಳುವವರಿಗೆ, ಮಲಗಿದಾಗ ಕಾಲುಗಳ ರಕ್ತ ಎದೆಗೆ ಮರಳಿ ಸೋತ ಹೃದಯದ ಮೇಲೆ ಹೊರೆ ಹಾಕುತ್ತದೆ ಎಂಬುದು ಗೊತ್ತಿರಬೇಕು. ಗೊತ್ತಿಲ್ಲದವರಿಗೆ ಆ ಪ್ರಶ್ನೆಯೇ ಹೊಳೆಯುವುದಿಲ್ಲ.

ನಮ್ಮ ದೇಶದಲ್ಲಿ 2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮ ಈ ಗೋಡೆಯನ್ನು ಕೆಡವಲು ಹೊರಟಿತು. ಆರಂಭದಲ್ಲೇ ಒಂದು ಫೌಂಡೇಷನ್ ಕೋರ್ಸ್; ಅದರಲ್ಲಿ ಪ್ರಥಮ ಚಿಕಿತ್ಸೆ, ನಿಂತ ಹೃದಯವನ್ನು ನಿಮಿಷಕ್ಕೆ 100ರಿಂದ 120ರ ಲಯದಲ್ಲಿ ಎದೆಯೊತ್ತಿ ನಡೆಸುವ ಅಭ್ಯಾಸ, ಸ್ಥಳೀಯ ಭಾಷೆಯ ಕಲಿಕೆ; ವರ್ಷದುದ್ದಕ್ಕೂ ಆಗಾಗ ರೋಗಿಗಳ ಭೇಟಿ; ನಡತೆ, ನೀತಿ, ಸಂವಹನಕ್ಕೆಂದೇ ಬೇರೆ ಪಾಠಗಳು. ಯೋಜನೆ ಸರಿಯಾದದ್ದು. ಹೊರರಾಜ್ಯಗಳಿಂದ ಬಂದ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸುವುದಂತೂ ಔಪಚಾರಿಕ ಸೌಜನ್ಯವಾಗಿ ಉಳಿಯಬಾರದು. ದಾವಣಗೆರೆಯಲ್ಲೋ ಕಲಬುರಗಿಯಲ್ಲೋ ರೋಗಿಯ ಮಾತು ತಿಳಿಯದವರಿಗೆ ಅರ್ಧ ರೋಗ ಕೈತಪ್ಪಿಹೋಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಇಂಗ್ಲಿಷ್ ಪಠ್ಯದ ಎದುರು ಕುಗ್ಗಿದವರಿಗೆ ನನ್ನದೊಂದು ಸಲಹೆ: ಹೆಸರುಗಳನ್ನು ಇಂಗ್ಲಿಷಿನಲ್ಲೇ ಕಲಿಯಿರಿ, ಕಾರಣಗಳನ್ನು ಕನ್ನಡದಲ್ಲಿ ನಿಮಗೆ ನೀವೇ ವಿವರಿಸಿಕೊಳ್ಳಿ. ಮುಂದೆ ರೋಗಿಗೆ ಹೇಳಬೇಕಾದದ್ದು ಆ ಕನ್ನಡದಲ್ಲೇ.

ಸಮಯವೆಲ್ಲಿದೆ ಎಂಬ ಆಕ್ಷೇಪ ಉಳಿಯಿತು. ನಮ್ಮ ವೈದ್ಯ ಶಿಕ್ಷಣದ 1997ರ ನಿಯಮಗಳು ಹದಿನೆಂಟು ತಿಂಗಳಿದ್ದ ಮೊದಲ ಹಂತವನ್ನು ಹನ್ನೆರಡಕ್ಕೆ ಇಳಿಸಿದವು. ಪಠ್ಯ ಮಾತ್ರ ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ. ದೂರು ನ್ಯಾಯವಾದದ್ದು. ಆದರೆ ಸಮಯ ಕಡಿಮೆಯಾದಷ್ಟೂ ಬಾಯಿಪಾಠ ದುಬಾರಿಯಾಗುತ್ತದೆ, ಏಕೆಂದರೆ ಅದನ್ನು ಮತ್ತೆ ಮತ್ತೆ ಮಾಡಬೇಕು. ರೋಡಿಗರ್, ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ತೋರಿಸಿದಂತೆ, ಪಾಠವನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ವಾರದ ನಂತರ ಅವರನ್ನು ಹಿಂದೆ ಹಾಕಿದರು. ಆದ್ದರಿಂದ ಓದಿದ ಮೇಲೆ ಪುಸ್ತಕ ಮುಚ್ಚಿ. ಗೆಳೆಯರೊಬ್ಬರನ್ನು ಎದುರು ಕೂರಿಸಿಕೊಂಡು ಏಕೆ ಹೀಗೆ ಎಂದು ವಿವರಿಸಿ. ತಡವರಿಸಿದ ಜಾಗದಲ್ಲಿ ಮಾತ್ರ ಪುಸ್ತಕ ತೆರೆಯಿರಿ. ಎಲ್ಲವೂ ಫೋನಿನಲ್ಲಿ ಸಿಗುವಾಗ ಇಷ್ಟೆಲ್ಲ ಏಕೆಂದು ಕೇಳುವವರಿಗೆ ಒಂದೇ ಉತ್ತರ. ಫೋನು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಹೊಟ್ಟೆನೋವೆಂದು ಬಂದವರ ರೆಪ್ಪೆಯನ್ನು ನೋಡಬೇಕೆಂದು ಅದಕ್ಕೆ ಹೊಳೆಯದು, ಅದು ವೈದ್ಯರಿಗೇ ಹೊಳೆಯಬೇಕು.

ಕೊನೆಯದಾಗಿ, ಪ್ರಶ್ನೆಪತ್ರಿಕೆ ತಯಾರಿಸುವ ಅಧ್ಯಾಪಕರಲ್ಲಿ ಒಂದು ವಿನಂತಿ. ವಿದ್ಯಾರ್ಥಿಗಳು ಕಲಿಯುವುದು ನೀವು ಕೇಳುವುದನ್ನೇ, ಅದು ಅವರ ತಪ್ಪೂ ಅಲ್ಲ. ನರ–ಸ್ನಾಯು ಸಂಧಿಯ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂಬ ಪ್ರಶ್ನೆಯನ್ನು ಈ ವರ್ಷ ಒಮ್ಮೆ ಬಿಟ್ಟು ನೋಡಿ. ಕಟ್ಟುಹಾವು ಕಚ್ಚಿದವರಿಗೆ ನಿಯೋಸ್ಟಿಗ್ಮಿನ್ ಸಾಮಾನ್ಯವಾಗಿ ಏಕೆ ಪ್ರಯೋಜನಕ್ಕೆ ಬರುವುದಿಲ್ಲ ಎಂದು ಕೇಳಿ. ಉತ್ತರ ಬರೆಯುವಾಗ ಅವರು ಚಿತ್ರವನ್ನೂ ಬರೆಯಲೇಬೇಕಾಗುತ್ತದೆ.